ಡಬ್ಬಿ ಗಟ್ಟಿಯಾಗಿ ಮುಚ್ಚಿದ್ದೆ, ಆದರೂ ಬೀಜ ಯಾಕೆ ಹುಟ್ಟಲಿಲ್ಲ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಹಿತ್ತಲಲ್ಲಿ ಮನೆ ಮಟ್ಟಿಗೆ ಕಾಯಿಪಲ್ಲೆ ಬೆಳೆಯುತ್ತೇನೆ. ಬೀಜವನ್ನೂ ನಾನೇ ಎತ್ತಿಡುತ್ತೇನೆ. ಹೋದ ದೀಪಾವಳಿ ಆದಮೇಲೆ ಹೀರೆ, ಬೆಂಡೆ, ಅಲಸಂದಿ ಬೀಜ ಬಿಡಿಸಿ ಎರಡು ದಿನ ಒಣಗಿಸಿದೆ. ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಗಾಳಿ ಆಡದ ಹಾಗೆ ಮುಚ್ಚಿ, ಅಡುಗೆಮನೆ ಅಟ್ಟದ ಮೇಲಿಟ್ಟೆ. ಮೆಣಸಿನಕಾಯಿ ಬೀಜವನ್ನು ಯುಗಾದಿ ಆದಮೇಲೆ ಮಾಳಿಗೆ ಮೇಲೆ ತಗಡಿನಲ್ಲಿ ಹರವಿ, ಮೂರು ದಿನ ಮಧ್ಯಾಹ್ನದ ಬಿಸಿಲು ಕೊಟ್ಟು ಡಬ್ಬಿಗೆ ಹಾಕಿದೆ. ಮೃಗಶಿರ ಮಳೆಗೆ ಬಿತ್ತಿದರೆ ಹೀರೆ ಹತ್ತರಲ್ಲಿ ಎರಡು ಹುಟ್ಟಿತು. ಆ ಡಬ್ಬಿ ತೆಗೆದಾಗ ಮುಗ್ಗಲು ವಾಸನೆ ಇತ್ತು. ಬೆಂಡೆ ಅರ್ಧ ಬಂತು. ಮೆಣಸಿನಕಾಯಿ ಅಲ್ಲೊಂದು ಇಲ್ಲೊಂದು. ಅಲಸಂದಿ ತುಂಬ ನುಸಿ. ಹೋದ ವರ್ಷ ಬೇಸಿಗೆಯಲ್ಲಿ ಎತ್ತಿದ ಉಳ್ಳಾಗಡ್ಡಿ ಬೀಜ ಒಂದೂ ಹುಟ್ಟಲಿಲ್ಲ. ಆದರೆ ಮೂರು ವರ್ಷದ ಹಿಂದೆ ಕಾಗದದಲ್ಲಿ ಕಟ್ಟಿಟ್ಟು ಮರೆತಿದ್ದ ಟೊಮೆಟೊ ಬೀಜ ಚೆನ್ನಾಗಿ ಬಂತು! ನಮ್ಮತ್ತೆ "ಗಡಿಗೆ, ಬೂದಿ ಬಿಟ್ಟಿರಿ, ಅದಕ್ಕೇ ಹಿಂಗಾಯ್ತು" ಅಂತಾರೆ. ಪಕ್ಕದ ಮನೆಯವರು ಫ್ರಿಜ್‌ನಲ್ಲಿಡು ಅಂತಾರೆ. ತಪ್ಪು ಎಲ್ಲಾಗಿದೆ? ಮುಂದಿನ ವರ್ಷದಿಂದ ಪ್ಯಾಕೆಟ್ ಬೀಜವನ್ನೇ ತರೋದು ಒಳ್ಳೆಯದಾ?

ಉತ್ತರ: ಯಾವಾಗ ಒಣಗಿಸಿದಿರಿ, ಎಲ್ಲಿಟ್ಟಿರಿ, ವಾಸನೆ ಹೇಗಿತ್ತು ಎಂದು ಎಲ್ಲವನ್ನೂ ಬರೆದಿದ್ದೀರಿ. ಅದರಿಂದ ಕಾರಣ ಹುಡುಕುವುದು ಸುಲಭವಾಯಿತು. ಬೀಜ ಪರೀಕ್ಷೆಯ ಕೆಲಸದಲ್ಲಿ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಳೆದಿದ್ದೇನೆ. ಸೆರಗಿನ ಗಂಟಿನಲ್ಲಿ ಬೀಜ ಕಟ್ಟಿಕೊಂಡು ಬಂದು "ಇಷ್ಟು ಜೋಪಾನ ಮಾಡಿದರೂ ಹುಟ್ಟಲಿಲ್ಲ ನೋಡ್ರಿ" ಎಂದು ಕೇಳಿದ ಹೆಣ್ಣುಮಕ್ಕಳು ಎಷ್ಟೋ ಜನ. ಜೋಪಾನ ಕಡಿಮೆಯಾಗಿ ಬೀಜ ಕೆಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಡಬ್ಬಿ ಮುಚ್ಚಿದ ಹೊತ್ತು ತಪ್ಪಿ ಕೆಟ್ಟಿದ್ದೇ ಜಾಸ್ತಿ. ನಿಮ್ಮಲ್ಲೂ ಮುಖ್ಯವಾಗಿ ಅದೇ ಆಗಿದೆ.

ನಿಮ್ಮ ಡಬ್ಬಿ ಒಳ್ಳೆಯದೇ. ಆದರೆ ಗಾಳಿ ಆಡದ ಡಬ್ಬಿ ಮಾಡುವ ಕೆಲಸ ಒಂದೇ. ಒಳಗಿನದನ್ನು ಹೊರಗೆ ಬಿಡುವುದಿಲ್ಲ, ಹೊರಗಿನದನ್ನು ಒಳಗೆ ಬಿಡುವುದಿಲ್ಲ. ದೀಪಾವಳಿ ಆದಮೇಲೆ ಎರಡು ದಿನ ಒಣಗಿದ ಹೀರೆ ಬೀಜ ಮುಟ್ಟಿದರೆ ಗರಿಗರಿ ಅನ್ನಿಸುತ್ತದೆ. ಒಣಗಿದ್ದು ಸಿಪ್ಪೆ ಮಾತ್ರ. ಒಳಗಿನ ಪಪ್ಪಿನಲ್ಲಿ ಇನ್ನೂ ಹಸಿ ಇರುತ್ತದೆ. ಆ ಹಸಿಯನ್ನು ನೀವು ಬೀಜದ ಜೊತೆಗೇ ಒಳಗೆ ಹಾಕಿ ಮುಚ್ಚಿದಿರಿ. ಮಾರ್ಚ್ ಬಂತು, ಸ್ಲ್ಯಾಬ್ ಕಾಯಿತು. ಅಡುಗೆಮನೆ ಅಟ್ಟ ಅಂದರೆ ಮೇಲಿನಿಂದ ಬಿಸಿಲ ಕಾವು, ಕೆಳಗಿನಿಂದ ಒಲೆಯ ಕಾವು. ಮನೆಯಲ್ಲಿ ಅದಕ್ಕಿಂತ ಬಿಸಿ ಜಾಗ ಇನ್ನೊಂದಿಲ್ಲ. ಬೀಜ ತನ್ನ ಹಬೆಯಲ್ಲಿ ತಾನೇ ಮೂರು ತಿಂಗಳು ಬೆಂದಿತು. ಮುಗ್ಗಲು ವಾಸನೆ ಅದೇ.

ಬೀಜ ಅಂದರೆ ಒಣಗಿದ ಕಾಳಲ್ಲ, ಮಲಗಿರುವ ಗಿಡ. ಅದೂ ಉಸಿರಾಡುತ್ತದೆ. ತನ್ನೊಳಗೆ ಕಟ್ಟಿಕೊಂಡ ಬುತ್ತಿಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತಾ ಮಳೆಗೆ ಕಾಯುತ್ತದೆ. ಹಸಿ, ಬಿಸಿ ಎರಡೂ ಸೇರಿದರೆ ಉಸಿರಾಟ ಜೋರಾಗುತ್ತದೆ, ಜೀವಕೋಶಗಳು ಬೇಗ ಸವೆಯುತ್ತವೆ. ಮಳೆ ಬರುವಷ್ಟರಲ್ಲಿ ಮೊಳಕೆ ಒಡೆಯುವ ಶಕ್ತಿಯೇ ಉಳಿದಿರುವುದಿಲ್ಲ.

ಬೀಜ ಕಾಪಾಡುವವರು ನಂಬುವ ಒಂದು ಲೆಕ್ಕ ಇದೆ. ಬೀಜದೊಳಗಿನ ತೇವ ಶೇಕಡಾ 1 ಕಡಿಮೆಯಾದರೆ ಅದರ ಆಯುಸ್ಸು ಸುಮಾರು ಎರಡು ಪಟ್ಟಾಗುತ್ತದೆ. ಇಟ್ಟ ಜಾಗದ ಬಿಸಿ 5 ಡಿಗ್ರಿ ಇಳಿದರೂ ಹಾಗೇ, ಎರಡು ಪಟ್ಟು. ಇದು ಒರಟು ಲೆಕ್ಕ. ತೇವ ಶೇಕಡಾ 5ಕ್ಕಿಂತ ಕೆಳಗಿಳಿದರೆ ಹೊಂದುವುದಿಲ್ಲ. ಆದರೂ ನಮಗೆ ಸಾಕು. ನಿಮ್ಮ ಹೀರೆ ಬೀಜದಲ್ಲಿ ಶೇಕಡಾ 12 ತೇವ ಇತ್ತು ಅಂದುಕೊಳ್ಳಿ. ಅದನ್ನು 8ಕ್ಕೆ ಇಳಿಸಿದ್ದರೆ ಎರಡು, ನಾಲ್ಕು, ಎಂಟು, ಹದಿನಾರು ಪಟ್ಟು ಬಾಳುತ್ತಿತ್ತು. ಒಂದು ತಿಂಗಳು ತಡೆಯುವುದು ಹದಿನಾರು ತಿಂಗಳು ತಡೆಯುತ್ತಿತ್ತು. ಅಟ್ಟದಿಂದ ಕೆಳಗಿನ ತಂಪು ಕೋಣೆಗೆ ಇಳಿಸಿ 10 ಡಿಗ್ರಿ ಕಡಿಮೆಯಾಗಿದ್ದರೆ ಇನ್ನೂ ನಾಲ್ಕು ಪಟ್ಟು. ಒಂದು ಪೈಸೆ ಖರ್ಚಿಲ್ಲದ ಕೆಲಸ ಇದು.

ಇನ್ನು ನಿಮ್ಮತ್ತೆಯ ಮಾತು. ಅವರು ಹೇಳುವುದರಲ್ಲಿ ನಿಜ ಇದೆ. ಆದರೆ ಗಡಿಗೆ ಯಾಕೆ ಕೆಲಸ ಮಾಡುತ್ತಿತ್ತು ಅನ್ನೋದನ್ನು ತಿಳಿದುಕೊಳ್ಳಬೇಕು. ಮಣ್ಣಿನ ಗಡಿಗೆಗೆ ಸಣ್ಣ ರಂಧ್ರಗಳಿರುತ್ತವೆ. ಕಾರ್ತಿಕದಲ್ಲಿ ಸ್ವಲ್ಪ ಹಸಿ ಇರುವ ಬೀಜ ಹಾಕಿದರೂ ಚಳಿಗಾಲದ ಒಣ ಗಾಳಿ ಆ ಹಸಿಯನ್ನು ನಿಧಾನಕ್ಕೆ ಎಳೆದುಕೊಳ್ಳುತ್ತಿತ್ತು. ಒಣ ಬೂದಿ ಇನ್ನಷ್ಟು ಹೀರುತ್ತಿತ್ತು. ಮೇಲಾಗಿ ಆ ಗಡಿಗೆ ಇದ್ದದ್ದು ಮಣ್ಣಿನ ಮಾಳಿಗೆ ಮನೆಯಲ್ಲಿ. ದಪ್ಪ ಗೋಡೆ, ಮಣ್ಣಿನ ಮೇಲ್ಮುದ್ದೆ, ಕತ್ತಲೆ ಮೂಲೆ. ಮೇ ತಿಂಗಳಲ್ಲೂ ಒಳಗೆ ತಂಪು. ಈಗಿನ ಸಿಮೆಂಟು ಮನೆಯಲ್ಲಿ ಅದೇ ಗಡಿಗೆಯನ್ನು ಅಟ್ಟಕ್ಕೇರಿಸಿದರೆ ಆ ಫಲ ಸಿಗಲ್ಲ. ಇನ್ನೊಂದು ಮಾತು. ಅವರ ಕಾಲದಲ್ಲಿ ಬೀಜ ಇಡುತ್ತಿದ್ದದ್ದು ಸುಗ್ಗಿಯಿಂದ ಮುಂದಿನ ಮುಂಗಾರಿನವರೆಗೆ. ಏಳೆಂಟು ತಿಂಗಳು ಅಷ್ಟೇ. ಗಡಿಗೆಯಲ್ಲೇ ಒಂದು ಮಳೆಗಾಲ ಪೂರ್ತಿ ದಾಟಿಸಲು ಹೋದರೆ ಕಷ್ಟ. ಒಣ ಕಾಲದಲ್ಲಿ ಹಸಿಯನ್ನು ಹೊರಗೆ ಬಿಡುವ ಆ ರಂಧ್ರಗಳೇ ಮಳೆಗಾಲದಲ್ಲಿ ಹಸಿಯನ್ನು ಒಳಗೆ ಬಿಡುತ್ತವೆ.

ನಮ್ಮ ಸೀಮೆಯವರು ಒಂದು ವಿಷಯ ಮನಸ್ಸಿನಲ್ಲಿಡಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಬಿಸಿಲಿಗೆ ಹೆಸರಾದ ಜಿಲ್ಲೆಗಳು. ಬಿಸಿಲು ಬೀಜಕ್ಕೆ ವೈರಿ ನಿಜ. ಆದರೆ ಆ ಬಿಸಿಲಿನ ಜೊತೆ ಬರುವ ಒಣ ಗಾಳಿ ಬೀಜಕ್ಕೆ ದೊಡ್ಡ ಉಪಕಾರಿ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಗಾಳಿಯ ತೇವ ಶೇಕಡಾ 30ರ ಆಸುಪಾಸಿಗೆ ಇಳಿಯುತ್ತದೆ. ಅಂಥ ಗಾಳಿಯಲ್ಲಿ ನೆರಳಲ್ಲಿ ಹರವಿಟ್ಟರೂ ಸಾಕು, ತರಕಾರಿ ಬೀಜದ ತೇವ ಶೇಕಡಾ 7ರ ಹತ್ತಿರಕ್ಕೆ ತಾನಾಗಿ ಬರುತ್ತದೆ. ಕರಾವಳಿಯವರಿಗೆ, ಮಲೆನಾಡಿನವರಿಗೆ ಈ ಭಾಗ್ಯ ಇಲ್ಲ. ಅದೇ ಆಗಸ್ಟ್, ಸೆಪ್ಟೆಂಬರ್ ಬೆಳಿಗ್ಗೆ ನಮ್ಮಲ್ಲೂ ತೇವ ಶೇಕಡಾ 80ರ ಹತ್ತಿರ ಹೋಗುತ್ತದೆ. ಆಗ ತೆರೆದಿಟ್ಟ ಬೀಜ ಮತ್ತೆ 12, 13ಕ್ಕೆ ಏರುತ್ತದೆ. ಬೀಜ ಸುತ್ತಲಿನ ಗಾಳಿಯ ಹಾಗೇ ಇರುತ್ತದೆ.

ಅದಕ್ಕೇ ನಾನು ಹೇಳುವುದು ಇಷ್ಟು. ಹಿಂಗಾರಿನಲ್ಲಿ ಎತ್ತಿದ ಬೀಜವನ್ನು ತಕ್ಷಣ ಡಬ್ಬಿಗೆ ತುಂಬಿ ಮುಚ್ಚಬೇಡಿ. ಕಾಗದದ ಅಥವಾ ತೆಳು ಬಟ್ಟೆಯ ಚೀಲದಲ್ಲಿ ಹಾಕಿ ಗಾಳಿಯಾಡುವ ನೆರಳಲ್ಲಿ ತೂಗುಹಾಕಿ. ಎಳ್ಳಮಾವಾಸ್ಯೆ, ಸಂಕ್ರಾಂತಿ ಹೋಗಲಿ. ಶಿವರಾತ್ರಿ ಆದಮೇಲೆ ಮತ್ತೊಮ್ಮೆ ಹರವಿ ನಾಲ್ಕೈದು ದಿನ ಒಣಗಿಸಿ. ಗಾಳಿ ಪೂರ್ತಿ ಒಣಗಿರುವ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ ಡಬ್ಬಿ ಮುಚ್ಚಿ. ರೋಹಿಣಿ ಮಳೆ ಬೀಳುವ ಮೊದಲಂತೂ ಮುಚ್ಚಿರಲೇಬೇಕು.

ಒಣಗಿದೆಯೋ ಇಲ್ಲವೋ ಅಂತ ನೋಡಲು ಯಂತ್ರ ಬೇಡ. ಹೀರೆ, ಕುಂಬಳ, ಸೌತೆ ಬೀಜವನ್ನು ಮಡಚಿ ನೋಡಿ. ಬಾಗಿದರೆ ಹಸಿ ಇದೆ. ಟಕ್ ಅಂತ ಮುರಿದರೆ ಸರಿ. ಅಲಸಂದಿ, ಅವರೆಯನ್ನು ಕಲ್ಲಿನ ಮೇಲಿಟ್ಟು ಗುಂಡಿನಿಂದ ಹೊಡೆಯಿರಿ. ಚಪ್ಪಟೆಯಾದರೆ ಇನ್ನೂ ಒಣಗಬೇಕು, ಪುಡಿಯಾಗಿ ಸಿಡಿದರೆ ಆಯ್ತು. ಒಣ ಉಪ್ಪಿನ ಜೊತೆ ಬಾಟಲಿಯಲ್ಲಿ ಹಾಕಿ ಅಲ್ಲಾಡಿಸುವ ಪರೀಕ್ಷೆಯೂ ಇದೆ. ಗಾಜಿಗೆ ಉಪ್ಪು ಅಂಟಿದರೆ ಬೀಜ ಹಸಿ. ಆದರೆ ಶೇಕಡಾ 15ಕ್ಕಿಂತ ಜಾಸ್ತಿ ತೇವ ಇದ್ದರೆ ಮಾತ್ರ ಅದು ಹಿಡಿಯುತ್ತದೆ. ಉಪ್ಪು ಅಂಟಲಿಲ್ಲ ಅಂತ ನಂಬಿ ಮುಚ್ಚಿಬಿಡಬೇಡಿ.

ಮೆಣಸಿನಕಾಯಿ ಬೀಜದ ಕಥೆ ಬೇರೆ. ಅಲ್ಲಿ ಒಣಗಿಸುವ ಆತುರ ಕೆಡಿಸಿತು. ಯುಗಾದಿ ಆದಮೇಲೆ ನಮ್ಮ ಕಡೆ ನೆರಳಲ್ಲೇ 40 ಡಿಗ್ರಿ. ಬಿಸಿಲಿಗಿಟ್ಟ ತಗಡನ್ನು ಮಧ್ಯಾಹ್ನ ಕೈಯಲ್ಲಿ ಮುಟ್ಟಲಾಗುವುದಿಲ್ಲ, ಅಲ್ವಾ? ನಿಮ್ಮ ಅಂಗೈ ಒಂದು ಕ್ಷಣ ತಡೆಯದ ಬಿಸಿಯಲ್ಲಿ ಎಳ್ಳಿನಷ್ಟು ಬೀಜ ಮೂರು ಮಧ್ಯಾಹ್ನ ಕೂತಿತ್ತು. ಬೀಜ ಒಣಗಿಸುವಾಗ 40 ಡಿಗ್ರಿ ದಾಟಬಾರದು. ಹಸಿ ಜಾಸ್ತಿ ಇರುವ ಬೀಜಕ್ಕಂತೂ ಬಿಸಿ ಇನ್ನೂ ಬೇಗ ತಾಗುತ್ತದೆ. "ಚೆನ್ನಾಗಿ ಬಿಸಿಲು ಕೊಟ್ಟಷ್ಟೂ ಬೀಜ ಗಟ್ಟಿ" ಎಂಬ ನಂಬಿಕೆ ತಿನ್ನುವ ಕಾಳಿಗೆ ಸರಿ. ಬಿತ್ತುವ ಬೀಜಕ್ಕೆ ಅದು ಹೊಂದುವುದಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೆ ಬಟ್ಟೆ ಅಥವಾ ಚಾಪೆಯ ಮೇಲೆ ತೆಳುವಾಗಿ ಹರವಿ. ಆಮೇಲೆ ನೆರಳಿಗೆ ಎಳೆಯಿರಿ. ರಾತ್ರಿ ಒಳಗಿಡಿ. ಡಬ್ಬಿಗೆ ಹಾಕುವ ಮೊದಲು ಬೀಜ ಪೂರ್ತಿ ಆರಿರಲಿ. ಬಿಸಿ ಇರುವಾಗ ಮುಚ್ಚಿದರೆ ಒಳಗೆ ಬೆವರುತ್ತದೆ. ಮೆಣಸಿನಕಾಯಿಗೆ ಇನ್ನೂ ಸುಲಭದ ದಾರಿ ಇದೆ. ಬೀಜಕ್ಕೆ ಆರಿಸಿದ ಹಣ್ಣನ್ನು ನೆರಳಲ್ಲಿ ಒಣಗಿಸಿ, ಕಾಯಿಯ ಸಮೇತ ಇಟ್ಟು, ಮಡಿ ಮಾಡುವ ಮುಂಚೆ ಬಿಡಿಸಿಕೊಳ್ಳಿ. ಶೇಂಗಾವನ್ನು ಸಿಪ್ಪೆ ಸಮೇತ ಇಡುತ್ತೀರಲ್ಲ, ಹಾಗೇ.

ಅಲಸಂದಿಯ ನುಸಿ ವಿಷಯಕ್ಕೆ ಬರೋಣ. ಗಟ್ಟಿ ಮುಚ್ಚಿದ ಡಬ್ಬಿಯೊಳಗೆ ಹುಳ ಎಲ್ಲಿಂದ ಬಂತು ಅಂತ ಎಲ್ಲರೂ ಕೇಳುತ್ತಾರೆ. ಅದು ಹೊಲದಿಂದಲೇ ಬಂದಿತ್ತು. ಕಾಯಿ ಬಳ್ಳಿಯಲ್ಲಿ ಒಣಗುವಾಗಲೇ ಸಣ್ಣ ಕಂದು ದುಂಬಿ ಅದರ ಮೇಲೆ ಮೊಟ್ಟೆ ಇಡುತ್ತದೆ. ಮರಿ ಕೊರೆದು ಕಾಳಿನೊಳಗೆ ಸೇರುತ್ತದೆ. ನೀವು ಬಿಡಿಸಿ ಡಬ್ಬಿಗೆ ಹಾಕುವಾಗ ಕಾಳು ನುಣ್ಣಗೇ ಕಾಣುತ್ತದೆ. ಒಂದು ತಿಂಗಳಲ್ಲಿ ತೂತು ಮಾಡಿಕೊಂಡು ಹೊರಗೆ ಬಂದ ಒಂದು ಹೆಣ್ಣು ದುಂಬಿ ನೂರರ ಹತ್ತಿರ ಮೊಟ್ಟೆ ಇಡಬಲ್ಲದು. ಕಾಳಿನ ಮೇಲೆ ಬಿಳಿ ಚುಕ್ಕೆ ಅಂಟಿಕೊಂಡಿದ್ದರೆ ಅದು ಮೊಟ್ಟೆ. ನವೆಂಬರ್‌ನಿಂದ ಜೂನ್‌ವರೆಗೆ ಎಷ್ಟು ಪೀಳಿಗೆ ಆದವು ಅಂತ ಯೋಚಿಸಿ.

ಇಲ್ಲಿ ಅತ್ತೆಯ ಬೂದಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ಚೆನ್ನಾಗಿ ಆರಿದ ಕುಳ್ಳಿನ ಬೂದಿಯನ್ನು ಜರಡಿ ಹಿಡಿದು, ಕಾಳಿನ ಸಂದೆಲ್ಲ ತುಂಬುವ ಹಾಗೆ ಬೆರೆಸಬೇಕು. ಮೇಲೆ ಒಂದು ಪದರ ಬರೀ ಬೂದಿ ಹಾಕಬೇಕು. ದುಂಬಿಗೆ ಓಡಾಡಲು, ಜೊತೆಗೂಡಲು ಜಾಗ ಸಿಗುವುದಿಲ್ಲ. ಬೂದಿ ಅದರ ಮೈಯ ಪಸೆಯನ್ನೂ ಹೀರಿ ಒಣಗಿಸುತ್ತದೆ. ಚಿಟಿಕೆ ಉದುರಿಸಿದರೆ ಏನೂ ಆಗಲ್ಲ, ಧಾರಾಳ ಬೇಕು. ಬೂದಿ ಬೇಡ ಅಂದರೆ ಒಂದು ಕಿಲೋ ಕಾಳಿಗೆ ಒಂದು ಸಣ್ಣ ಚಮಚ, ಅಂದರೆ 5 ಮಿಲಿ ಹರಳೆಣ್ಣೆ ಅಥವಾ ಬೇವಿನ ಎಣ್ಣೆ ಸವರಿ. ಅಳತೆ ಮೀರಬೇಡಿ, ಒಂದು ಹಂಗಾಮಿಗಿಂತ ಜಾಸ್ತಿ ಇಡಬೇಡಿ, ಮೊಳಕೆಗೆ ಪೆಟ್ಟು ಬೀಳುತ್ತದೆ. ಸುಮ್ನೆ ಹಿಡಿ ಬೇವಿನ ಎಲೆ ಹಾಕುವುದನ್ನು ಮಾತ್ರ ನಾನು ನೆಚ್ಚುವುದಿಲ್ಲ. ಎಲೆಯಲ್ಲಿ ಹಸಿ ಉಳಿದಿದ್ದರೆ ಅದೇ ಬೂಸ್ಟು ತರಿಸುತ್ತದೆ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಗೋದಾಮಿಗೆ ಹಾಕುವ ಹುಳದ ಗುಳಿಗೆ, ಅಂದರೆ ಅಲ್ಯೂಮಿನಿಯಂ ಫಾಸ್ಫೈಡ್, ಮನೆಯೊಳಗೆ ತರಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ವಿಷದ ಗಾಳಿ ಏಳುತ್ತದೆ. ಅದೇ ಕೋಣೆಯಲ್ಲಿ ಮಲಗಿದವರು ಎದ್ದಿಲ್ಲದ ಘಟನೆಗಳಿವೆ. ಆ ವಿಷ ಇಳಿಸುವ ಮದ್ದಿಲ್ಲ. ಎರಡು ಸೇರು ಅಲಸಂದಿಗಾಗಿ ಮಕ್ಕಳಿರುವ ಮನೆಯಲ್ಲಿ ಈ ಕೆಲಸ ಬೇಡ.

ಉಳ್ಳಾಗಡ್ಡಿ ಹೋಗಿ ಟೊಮೆಟೊ ಯಾಕೆ ಉಳಿಯಿತು? ಹುಟ್ಟುಗುಣವೇ ಹಾಗೆ. ಉಳ್ಳಾಗಡ್ಡಿ ಬೀಜದ ಆಯುಸ್ಸು ಬಲು ಕಡಿಮೆ. ನಮ್ಮ ಹವೆಯಲ್ಲಿ ತೆರೆದಿಟ್ಟರೆ ಒಂದು ವರ್ಷ ದಾಟುವುದು ಕಷ್ಟ. ನಿಮ್ಮದು ಹೋದ ಬೇಸಿಗೆಯದು. ಒಂದು ಮಳೆಗಾಲ ಹಸಿ ಕುಡಿಯಿತು, ಈ ಬೇಸಿಗೆಯಲ್ಲಿ ಕಾದಿತು. ಅದು ಹುಟ್ಟದ್ದರಲ್ಲಿ ನಿಮ್ಮ ತಪ್ಪಿಲ್ಲ. ಟೊಮೆಟೊ, ಬದನೆ, ಸೌತೆ, ಕುಂಬಳದ ಜಾತಿಯವು ಒಣಗಿದ್ದರೆ ನಾಲ್ಕೈದು ವರ್ಷವೂ ತಡೆಯುತ್ತವೆ. ಮೆಣಸಿನಕಾಯಿ, ಬೆಂಡೆ, ಅಲಸಂದಿ ನಡುವಿನವು. ನಿಮ್ಮ ಟೊಮೆಟೊ ಬೀಜ ಕಾಗದದಲ್ಲಿದ್ದದ್ದೂ ಒಳ್ಳೆಯದೇ ಆಯಿತು. ಪ್ರತಿ ಬೇಸಿಗೆಯಲ್ಲೂ ಅದು ಮತ್ತೆ ಮತ್ತೆ ಒಣಗಿತು. ಎಲ್ಲ ಬೀಜವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಕರಿಬೇವು, ನೇರಳೆ, ಮಾವು, ಹಲಸಿನ ಬೀಜಗಳನ್ನಂತೂ ಒಣಗಿಸಿದರೆ ಸತ್ತೇಹೋಗುತ್ತವೆ. ಅವನ್ನು ಹಣ್ಣಿನಿಂದ ತೆಗೆದ ಕೂಡಲೇ ಊರಬೇಕು.

ಬೆಂಡೆ ಅರ್ಧ ಹುಟ್ಟಿದ್ದರಲ್ಲಿ ಎರಡು ಕಾರಣ ಇರಬಹುದು. ಒಂದು, ಅದೇ ಹಸಿ. ಇನ್ನೊಂದು, ಗಟ್ಟಿ ಸಿಪ್ಪೆ. ಬೆಂಡೆಯಲ್ಲಿ ಕೆಲವು ಬೀಜಗಳ ಸಿಪ್ಪೆ ನೀರನ್ನೇ ಒಳಗೆ ಬಿಡುವುದಿಲ್ಲ. ಸತ್ತಿರುವುದಿಲ್ಲ, ತಡ ಮಾಡುತ್ತವೆ ಅಷ್ಟೇ. ರಾತ್ರಿ ನೆನೆಸಿ ಬಿತ್ತಿದರೆ ಬಹಳಷ್ಟು ಸರಿಹೋಗುತ್ತದೆ. ಉಳಿದ ಬೀಜ ಇದ್ದರೆ ಎಸೆಯುವ ಮೊದಲು ಹೀಗೆ ಮಾಡಿ ನೋಡಿ.

ಈಗ ಫ್ರಿಜ್. ಒಳ್ಳೆಯ ಜಾಗವೇ, ಆದರೆ ಎರಡನೆಯ ಹೆಜ್ಜೆ. ಒಣಗಿಸಿ, ಗಾಜಿನ ಬಾಟಲಿಯಲ್ಲಿ ಗಟ್ಟಿಯಾಗಿ ಮುಚ್ಚಿದ ಮೇಲೆ ಇಟ್ಟರೆ ಉಳ್ಳಾಗಡ್ಡಿಯೂ ಎರಡು ಮೂರು ವರ್ಷ ಬಾಳುತ್ತದೆ. ಕಾಗದದ ಪೊಟ್ಟಣದಲ್ಲಿ ಸೊಪ್ಪಿನ ಪಕ್ಕ ಇಟ್ಟರೆ ಕೆಡುತ್ತದೆ, ಯಾಕೆಂದರೆ ಫ್ರಿಜ್ಜಿನ ಒಳಗಾಳಿಯಲ್ಲಿ ತೇವ ಜಾಸ್ತಿ. ಹೊರಗೆ ತೆಗೆದ ತಕ್ಷಣ ಮುಚ್ಚಳ ಬಿಚ್ಚುವುದೂ ತಪ್ಪು. ತಣ್ಣಗಿನ ಬೀಜದ ಮೇಲೆ ನಮ್ಮ ಗಾಳಿ ಬೆವರಾಗಿ ಕೂರುತ್ತದೆ. ಬಾಟಲಿಯನ್ನು ರಾತ್ರಿಯಿಡೀ ಹೊರಗೆ ಬಿಟ್ಟು ಬೆಳಿಗ್ಗೆ ಬಿಚ್ಚಿ. ಕರೆಂಟ್ ಹೋಗಿ ಬಂದರೆ ಹೆದರಬೇಕಿಲ್ಲ, ಮುಚ್ಚಳ ಗಟ್ಟಿ ಇದ್ದರೆ ಸಾಕು. ಐಸ್ ಕಟ್ಟುವ ಫ್ರೀಜರ್‌ನಲ್ಲಿ ಹಸಿ ಬೀಜ ಇಟ್ಟರೆ ಒಳಗಿನ ನೀರು ಮಂಜಾಗಿ ಜೀವಕೋಶ ಒಡೆಯುತ್ತದೆ. ಆದರೆ ಚೆನ್ನಾಗಿ ಒಣಗಿದ ಅಲಸಂದಿಯನ್ನು ಒಂದು ವಾರ ಫ್ರೀಜರ್‌ನಲ್ಲಿಟ್ಟು ತೆಗೆದರೆ ಒಳಗಿನ ಮರಿ, ಮೊಟ್ಟೆ ಎಲ್ಲ ಸಾಯುತ್ತವೆ. ಫ್ರೀಜರ್ ಇರುವವರಿಗೆ ಬೂದಿಗಿಂತಲೂ ಇದು ಖಾತ್ರಿ.

ಫ್ರಿಜ್ ಇಲ್ಲದವರೂ ಚಿಂತೆ ಮಾಡಬೇಕಿಲ್ಲ. ಬೀಜದ ಎರಡು ಪಟ್ಟು ಅಕ್ಕಿಯನ್ನು ಸಣ್ಣ ಉರಿಯಲ್ಲಿ ಕೆಂಪಗೆ ಹುರಿಯಿರಿ. ಗಂಗಾವತಿ ಪಕ್ಕದಲ್ಲಿರುವಾಗ ನಮಗೆ ಅಕ್ಕಿಗೇನು ಕಡಿಮೆ! ಬಿಸಿ ಇರುವಾಗಲೇ ಗಾಜಿನ ಬಾಟಲಿಗೆ ಹಾಕಿ ಮುಚ್ಚಿ ಆರಲು ಬಿಡಿ. ಪೂರ್ತಿ ಆರಿದ ಮೇಲೆ ಬೀಜವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಮೇಲಿಟ್ಟು ಮತ್ತೆ ಗಟ್ಟಿ ಮುಚ್ಚಿ. ಹುರಿದ ಅಕ್ಕಿ ಬೀಜದ ಹಸಿಯನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಎತ್ತಿದ ಬೀಜಕ್ಕೆ ಇದು ಬಹಳ ಉಪಯೋಗ. ಸಿಲಿಕಾ ಜೆಲ್ ಹರಳು ಸಿಕ್ಕರೆ ಬೀಜದ ತೂಕದಷ್ಟೇ ಸಾಕು. ನೀಲಿ ಹರಳಿನಲ್ಲಿ ವಿಷದ ಬಣ್ಣ ಇರುತ್ತದೆ, ಕೇಸರಿ ಬಣ್ಣದ್ದನ್ನು ಕೇಳಿ, ಮಕ್ಕಳ ಕೈಗೆ ಸಿಗದ ಹಾಗಿಡಿ. ಬಾಟಲಿಯನ್ನು ನೆಲದ ಮಟ್ಟದಲ್ಲಿ, ಒಲೆಯಿಂದ ದೂರ, ಬಿಸಿಲು ತಾಗದ ಗೋಡೆಯ ಬದಿಗೆ ಇಡಿ. ಮೇಲೆ ಹೆಸರು, ಎತ್ತಿದ ತಿಂಗಳು, ವರ್ಷ ಬರೆದಿಡಿ. ಬರೆಯದ ಬೀಜ ಎಷ್ಟು ಹಳೆಯದು ಅಂತ ಆಮೇಲೆ ಯಾರಿಗೂ ನೆನಪಿರಲ್ಲ.

ಪ್ಯಾಕೆಟ್ ಬೀಜದ ಬಗ್ಗೆ ಕೇಳಿದ್ದೀರಿ. ಅದೂ ಇದೇ ನಿಯಮಕ್ಕೆ ಒಳಪಟ್ಟದ್ದು. ಪ್ರಮಾಣಿತ ಬೀಜದ ಚೀಟಿಗೆ ಮೊದಲು ಕೊಡುವ ಅವಧಿ ಪರೀಕ್ಷೆಯ ದಿನದಿಂದ 9 ತಿಂಗಳು. ಅಲ್ಲೂ ನೂರಕ್ಕೆ ನೂರು ಹುಟ್ಟಬೇಕು ಅಂತಿಲ್ಲ. ಉಳ್ಳಾಗಡ್ಡಿ, ಟೊಮೆಟೊಗೆ ಕನಿಷ್ಠ ಶೇಕಡಾ 70, ಬೆಂಡೆಗೆ 65, ಮೆಣಸಿನಕಾಯಿಗೆ 60. ನಿಮ್ಮ ಮನೆ ಬೀಜವನ್ನೂ ಇದರ ಜೊತೆಗೆ ಹೋಲಿಸಿ. ಉಳ್ಳಾಗಡ್ಡಿ ಬೀಜವನ್ನು ವರ್ಷ ವರ್ಷ ಹೊಸದಾಗಿ ತರುವುದು ಜಾಣತನ. ಹೀರೆ, ಬೆಂಡೆ, ಟೊಮೆಟೊ, ಅಲಸಂದಿ ನಾಟಿ ತಳಿಯನ್ನು ಬಿಡಬೇಡಿ. ನಿಮ್ಮ ಹಿತ್ತಲಿನ ಬಿಸಿಲಿಗೆ ಹೊಂದಿಕೊಂಡ ಬೀಜ ಅಂಗಡಿಯಲ್ಲಿ ಸಿಗಲ್ಲ. ಹೈಬ್ರಿಡ್‌ನಿಂದ ಎತ್ತಿದ ಬೀಜ ಮಾತ್ರ ಎಷ್ಟು ಜೋಪಾನ ಮಾಡಿದರೂ ತಾಯಿಯ ಹಾಗೆ ಬರುವುದಿಲ್ಲ. ಔಷಧ ಲೇಪಿಸಿದ ಪ್ಯಾಕೆಟ್ ಬೀಜ ಉಳಿದರೆ ತಿನ್ನುವ ಕಾಳಿನ ಹತ್ತಿರ ಇಡಬೇಡಿ, ಕೋಳಿಗೂ ಹಾಕಬೇಡಿ.

ಬಿತ್ತಿದ ಮೇಲೆ ಗೊತ್ತಾಗುವ ಬದಲು ಮೇ ತಿಂಗಳ ನಡುವಿನಲ್ಲೇ ಇಪ್ಪತ್ತು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಬಟ್ಟೆ ಆರದಿರಲಿ, ನೀರೂ ನಿಲ್ಲದಿರಲಿ. ಅಲಸಂದಿ ಒಂದು ವಾರದಲ್ಲಿ ಲೆಕ್ಕ ಕೊಡುತ್ತದೆ. ಮೆಣಸಿನಕಾಯಿಗೆ ಎರಡು ವಾರ ಕಾಯಿರಿ. ಹದಿನಾಲ್ಕು ಮೊಳೆತರೆ ಎಂದಿನಂತೆ ಬಿತ್ತಿ. ಹತ್ತು ಮೊಳೆತರೆ ಎರಡರಷ್ಟು ಬೀಜ ಹಾಕಿ. ಆರಕ್ಕಿಂತ ಕಡಿಮೆಯಾದರೆ ನಂಬಬೇಡಿ, ಹುಟ್ಟಿದ ಸಸಿಯೂ ಬಡಕಲಾಗಿರುತ್ತದೆ. ನೀರಿನಲ್ಲಿ ಹಾಕಿ ತೇಲಿದ್ದು ಕೆಟ್ಟದ್ದು, ಮುಳುಗಿದ್ದು ಒಳ್ಳೆಯದು ಅನ್ನೋ ಪರೀಕ್ಷೆ ಇದರ ಬದಲಿಗೆ ಆಗುವುದಿಲ್ಲ. ಅದು ಜೊಳ್ಳನ್ನು ತೋರಿಸುತ್ತದೆ ಅಷ್ಟೇ. ನಿಮ್ಮ ಅಟ್ಟದ ಮೇಲೆ ಸತ್ತ ಬೀಜವೂ ಚೆನ್ನಾಗಿ ಮುಳುಗುತ್ತದೆ.

ಈಗ ಹುಟ್ಟಿರುವ ಆ ಎರಡು ಹೀರೆ ಬಳ್ಳಿಗಳನ್ನು ಜೋಪಾನ ಮಾಡಿ. ಒಂದೊಂದರಲ್ಲೂ ಮೊದಲ ಒಳ್ಳೆಯ ಕಾಯಿಗೆ ಕೆಂಪು ದಾರ ಕಟ್ಟಿ, ಅಡುಗೆಗೆ ಕೊಯ್ಯಬೇಡಿ ಅಂತ ಮನೆಯವರಿಗೆಲ್ಲ ಹೇಳಿ. ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಆಮೇಲೆ ತೊಟ್ಟಿನ ಸಮೇತ ತೆಗೆದು ಪಡಸಾಲೆಯಲ್ಲಿ, ಇಲಿಗೆ ಎಟುಕದ ಎತ್ತರದಲ್ಲಿ ತೂಗುಹಾಕಿ. ಶಿವರಾತ್ರಿವರೆಗೆ ಅದು ಅಲ್ಲೇ ಇರಲಿ.